ಸ್ವಂತ ಸಸಿಮಡಿ ಇಲ್ಲದ ತೋಟ

2025ರ ಜುಲೈ 14ರಂದು ಜಮೈಕಾದ ಕಿಂಗ್‌ಸ್ಟನ್ ನಗರದ ಸಬೀನಾ ಪಾರ್ಕ್‌ನಲ್ಲಿ ವೆಸ್ಟ್ ಇಂಡೀಸ್ ತಂಡ ಆಸ್ಟ್ರೇಲಿಯಾದ ವಿರುದ್ಧ 27 ರನ್ನಿಗೆ ಆಲೌಟಾಯಿತು. ಗೆಲ್ಲಲು ಬೇಕಿದ್ದುದು 204. ಏಳು ಮಂದಿ ಸೊನ್ನೆ ಸುತ್ತಿದರು. ಮಿಚೆಲ್ ಸ್ಟಾರ್ಕ್ 9 ರನ್ ಕೊಟ್ಟು 6 ವಿಕೆಟ್ ಕಿತ್ತರು. ಹದಿನೈದು ಓವರ್ ತುಂಬುವ ಮೊದಲೇ ಎಲ್ಲ ಮುಗಿದಿತ್ತು. ಟೆಸ್ಟ್ ಇತಿಹಾಸದಲ್ಲಿ ಇದಕ್ಕಿಂತ ಕಡಿಮೆ ಮೊತ್ತ ಒಂದೇ ಒಂದಿದೆ, 1955ರಲ್ಲಿ ಆಕ್ಲೆಂಡ್‌ನಲ್ಲಿ ನ್ಯೂಜಿಲೆಂಡ್ ಗಳಿಸಿದ 26.

ಸೋಲಿನ ಬೆನ್ನಿಗೇ ಅಲ್ಲಿನ ಕ್ರಿಕೆಟ್ ಮಂಡಳಿ ಕ್ಲೈವ್ ಲಾಯ್ಡ್, ವಿವಿಯನ್ ರಿಚರ್ಡ್ಸ್, ಬ್ರಿಯಾನ್ ಲಾರಾ ಅವರನ್ನು ಸಮಾಲೋಚನೆಗೆ ಕರೆಯಿತು. ಮರುತಿಂಗಳು ಟ್ರಿನಿಡಾಡ್‌ನಲ್ಲಿ ಸಭೆಯೂ ನಡೆಯಿತು. ಮನೆ ಬಿರುಕು ಬಿಟ್ಟಾಗ ಹಿರಿಯರನ್ನು ಕರೆದು ಕೂರಿಸುವುದು ನಮ್ಮ ಹಳ್ಳಿಗಳಲ್ಲೂ ಇರುವ ಪದ್ಧತಿಯೇ. ಆದರೆ ಆ ಬಿರುಕು ನಿನ್ನೆ ಮೊನ್ನೆ ಬಿಟ್ಟದ್ದಲ್ಲ. 2022ರ ಟಿ-20 ವಿಶ್ವಕಪ್‌ನಲ್ಲಿ ಈ ತಂಡ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗೆ ಸೋತು ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. 2023ರಲ್ಲಿ ಅರ್ಹತಾ ಟೂರ್ನಿಯಲ್ಲಿ ಜಿಂಬಾಬ್ವೆ, ನೆದರ್ಲೆಂಡ್ಸ್, ಸ್ಕಾಟ್ಲೆಂಡ್‌ಗಳಿಗೆ ಸೋತು, ಭಾರತದಲ್ಲಿ ನಡೆದ ಏಕದಿನ ವಿಶ್ವಕಪ್‌ಗೆ ಬರಲೇ ಇಲ್ಲ. 1975 ಮತ್ತು 1979ರ ಮೊದಲ ಎರಡು ವಿಶ್ವಕಪ್‌ಗಳನ್ನು ಗೆದ್ದ ತಂಡದ ಕಥೆಯಿದು. 2025ರ ಸೆಪ್ಟೆಂಬರ್‌ನಲ್ಲಿ ಶಾರ್ಜಾದಲ್ಲಿ ನೇಪಾಳಕ್ಕೂ ಟಿ-20 ಸರಣಿ ಒಪ್ಪಿಸಿಬಂದರು. ಪ್ರಮುಖ ಆಟಗಾರರು ಆ ತಂಡದಲ್ಲಿರಲಿಲ್ಲ ಎಂಬುದು ನಿಜ. ಆದರೆ ಎರಡನೆಯ ಸಾಲಿನವರು ಎಷ್ಟು ಬಡಕಲಾಗಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ತಂಡದ ಸೋಲು ನಮಗೇಕೆ ಮುಖ್ಯ ಎಂದು ಓದುಗರು ಕೇಳಬಹುದು. 1983ರಲ್ಲಿ ಲಾರ್ಡ್ಸ್‌ನಲ್ಲಿ ಕಪಿಲ್ ತಂಡ ಗೆದ್ದಾಗ ನಾವು ಅಷ್ಟೊಂದು ಕುಣಿದದ್ದು ಸೋತವರು ವೆಸ್ಟ್ ಇಂಡೀಸಿನವರು ಎಂಬ ಕಾರಣಕ್ಕೇ. ಗುಲಾಮರ ಮೊಮ್ಮಕ್ಕಳು ದೊರೆಗಳ ಆಟವನ್ನು ದೊರೆಗಳಿಗಿಂತ ಚೆನ್ನಾಗಿ ಆಡಿ ತೋರಿಸಿದ ತಂಡವದು. ಕಪ್ಪು ಆಟಗಾರನೊಬ್ಬ ಇಡೀ ಸರಣಿಗೆ ನಾಯಕನಾಗಲು 1960ರ ತನಕ ಕಾಯಬೇಕಾಯಿತು. ಫ್ರಾಂಕ್ ವೊರೆಲ್‌ಗೆ ಆ ಪಟ್ಟ ಸಿಗಲು ಸಿ.ಎಲ್.ಆರ್. ಜೇಮ್ಸ್ ತಾನು ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ತಲೆಗೆ ಬಡಿದು ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ಸಾವು ಬದುಕಿನ ನಡುವೆ ಇದ್ದಾಗ ರಕ್ತ ಕೊಡಲು ಮುಂದೆ ಬಂದವರಲ್ಲಿ ಅದೇ ವೊರೆಲ್ ಇದ್ದರು. ಹೀಗಾಗಿ ಅವರ ಪತನವನ್ನು ಬರಿಯ ಅಂಕಿ ಅಂಶವಾಗಿ ಓದಲು ನಮಗೆ ಆಗುವುದಿಲ್ಲ.

ಪತನದ ಕಾರಣಗಳನ್ನು ಹೇಳುವವರಿಗೆ ಬರವಿಲ್ಲ. ಹಣ ಸಾಲದು, ಐಪಿಎಲ್ ಕೆಡಿಸಿತು, ಹುಡುಗರು ಬಾಸ್ಕೆಟ್‌ಬಾಲ್‌ಗೆ ಹೋದರು, ಇಂದಿನವರಿಗೆ ಅಭಿಮಾನವಿಲ್ಲ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಕಾಲು ಸತ್ಯ. ನಮಗೆ ಕಾಣುವ ಕಾರಣ ಬೇರೆ. ಜಗತ್ತನ್ನು ನಡುಗಿಸಿದ ಆ ತಂಡವನ್ನು ಬೆಳೆಸಿದ್ದು ಅದರ ಕ್ರಿಕೆಟ್ ಮಂಡಳಿಯಲ್ಲ. ಬೇರೆಯವರ ಸಸಿಮಡಿಯಲ್ಲಿ ಬೆಳೆದ ಗಿಡಗಳ ಫಲವನ್ನು ಮಂಡಳಿ ಎರಡು ದಶಕ ಕೊಯ್ದುಕೊಂಡಿತು. ಆ ಸಸಿಮಡಿ ಒಣಗಿದಾಗ ಇವರದೆಂಬುದು ಒಂದೂ ಇರಲಿಲ್ಲ.

ಇದನ್ನು ತಿಳಿಯಲು ನಮ್ಮ ಬೆಂಗಳೂರಿಗೇ ಬರೋಣ. 1974ರ ನವೆಂಬರ್‌ನಲ್ಲಿ, ಈಗ ನಾವು ಚಿನ್ನಸ್ವಾಮಿ ಎನ್ನುವ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ನಡೆಯಿತು. ಲಾಯ್ಡ್‌ಗೆ ಅದು ನಾಯಕನಾಗಿ ಮೊದಲ ಟೆಸ್ಟ್. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು ಅಲ್ಲಿಯೇ. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್ ಎರಡು ಸಲವೂ ನಮ್ಮ ಚಂದ್ರಶೇಖರ್ ಅವರ ಬಲೆಗೆ ಬಿದ್ದು 4 ಮತ್ತು 3ಕ್ಕೆ ಹೊರನಡೆದರು. ಇಂದಿನ ದಿನವಾಗಿದ್ದರೆ ಹುಡುಗನನ್ನು ಕೈಬಿಡಿ ಎಂಬ ಕೂಗು ಅಂದೇ ಸಂಜೆ ಏಳುತ್ತಿತ್ತು. ಕೈಬಿಡಲಿಲ್ಲ. ದೆಹಲಿಯ ಮುಂದಿನ ಟೆಸ್ಟ್‌ನಲ್ಲಿ ಆತ ಔಟಾಗದೆ 192 ಹೊಡೆದ.

ಇವರು ಎಲ್ಲಿ ಕಲಿತು ಬಂದವರು? ಗ್ರೀನಿಜ್ ಬಾರ್ಬಡೋಸ್‌ನಲ್ಲಿ ಹುಟ್ಟಿದರೂ ಹದಿನಾಲ್ಕರ ಪ್ರಾಯದಿಂದ ಬೆಳೆದದ್ದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಪಳಗಿದ್ದು ಹ್ಯಾಂಪ್‌ಶೈರ್ ಕೌಂಟಿಯಲ್ಲಿ. ರಿಚರ್ಡ್ಸ್ ಮತ್ತು ಆಂಡಿ ರಾಬರ್ಟ್ಸ್ ಇಬ್ಬರೂ ಆಂಟಿಗಾದ ಹುಡುಗರು. ಅವರನ್ನು ಲಂಡನ್ನಿನ ಆಲ್ಫ್ ಗೋವರ್ ಕ್ರಿಕೆಟ್ ಶಾಲೆಗೆ ಕಳುಹಿಸಿದ್ದು ಮಂಡಳಿಯಲ್ಲ, ಊರಿನ ಕ್ರಿಕೆಟ್ ಪ್ರೇಮಿಗಳು ಸೇರಿ ಮಾಡಿಕೊಂಡಿದ್ದ ಒಂದು ಸಮಿತಿ. ಆಮೇಲೆ ರಿಚರ್ಡ್ಸ್ ಇಂಗ್ಲೆಂಡಿನ ಬಾತ್ ಊರಿನ ಕ್ಲಬ್ಬೊಂದರಲ್ಲಿ ಮೈದಾನದ ಕೆಲಸವನ್ನೂ ಮಾಡುತ್ತ ಒಂದು ಋತು ಆಡಿ, ಸಾಮರ್ಸೆಟ್ ಕೌಂಟಿ ಸೇರಿದರು. ಬೆಂಗಳೂರಿಗೆ ಬರುವ ಮುಂಚೆ ಒಂದು ಇಡೀ ಕೌಂಟಿ ಋತುವನ್ನು ಅವರು ಆಡಿ ಮುಗಿಸಿದ್ದರು. ಲಾಯ್ಡ್ ಲ್ಯಾಂಕಾಶೈರ್‌ನಲ್ಲಿದ್ದರು. ಮುಂದೆ ಗಾರ್ನರ್ ಸಾಮರ್ಸೆಟ್‌ಗೆ, ಮಾರ್ಷಲ್ ಹ್ಯಾಂಪ್‌ಶೈರ್‌ಗೆ, ವಾಲ್ಶ್ ಗ್ಲಾಸ್ಟರ್‌ಶೈರ್‌ಗೆ, ಆಂಬ್ರೋಸ್ ನಾರ್ಥಾಂಪ್ಟನ್‌ಶೈರ್‌ಗೆ ಆಡಿದರು. 1968ರಲ್ಲಿ ಇಂಗ್ಲೆಂಡಿನ ಕೌಂಟಿಗಳು ಹೊರದೇಶದ ಆಟಗಾರರಿಗೆ ಬಾಗಿಲು ತೆರೆದವು. ಆ ಬಾಗಿಲಿನಿಂದ ಹೋಗಿ ಬಂದವರೇ ಹತ್ತು ವರ್ಷಗಳ ನಂತರ ಜಗತ್ತನ್ನು ಆಳಿದರು. ವಾರಕ್ಕೆ ಆರು ದಿನ ಆಟ, ಇಂದು ಒದ್ದೆ ಪಿಚ್, ನಾಳೆ ಒಣ ಪಿಚ್, ಚಳಿಯಲ್ಲಿ ಸ್ವಿಂಗ್, ತಪ್ಪಿದರೆ ಕೇಳುವ ವೃತ್ತಿಪರ ಹಿರಿಯರು. ಅದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿದೆ?

ದೈಹಿಕ ಕಸರತ್ತಿನ ಶಿಸ್ತು ಕೂಡ ಹೊರಗಿನಿಂದ ಬಂದದ್ದೇ. ಕೆರಿ ಪ್ಯಾಕರ್ ತನ್ನ ಪಂದ್ಯಾವಳಿಗೆಂದು ಒದಗಿಸಿದ ಆಸ್ಟ್ರೇಲಿಯಾದ ಡೆನಿಸ್ ವೇಯ್ಟ್ ಆ ಬಳಿಕ ಎರಡು ದಶಕ ಇವರ ಮೈ ಹುರಿಗೊಳಿಸಿದರು. 1980ರಿಂದ 1995ರ ತನಕ ಒಂದೇ ಒಂದು ಟೆಸ್ಟ್ ಸರಣಿ ಸೋಲದ ತಂಡದ ಹಿಂದೆ ಇಷ್ಟೆಲ್ಲ ಇತ್ತು.

ಹಾಗೆಂದು ದ್ವೀಪಗಳಲ್ಲಿ ಏನೂ ಇರಲಿಲ್ಲ ಎಂದರೆ ಅನ್ಯಾಯವಾದೀತು. ಬಾರ್ಬಡೋಸ್‌ನಲ್ಲಿ ಕಾಂಬರ್‌ಮಿಯರ್, ಹ್ಯಾರಿಸನ್ ಕಾಲೇಜು, ಲಾಡ್ಜ್ ಎಂಬ ಶಾಲೆಗಳ ತಂಡಗಳು ದೊಡ್ಡವರ ಮೊದಲ ದರ್ಜೆಯ ಕ್ಲಬ್ ಟೂರ್ನಿಯಲ್ಲೇ ಆಡುತ್ತಿದ್ದವು. ಹದಿನಾರರ ಹುಡುಗ ಶನಿವಾರ ಟೆಸ್ಟ್ ಬೌಲರನ ಎದುರು ನಿಂತು ಸೋಮವಾರ ತರಗತಿಗೆ ಬರುತ್ತಿದ್ದ. ವೊರೆಲ್ ಕಾಂಬರ್‌ಮಿಯರ್‌ನಲ್ಲಿ ಓದಿದವರು, ವೆಸ್ ಹಾಲ್ ಕೂಡ. ಕ್ಲಬ್ಬುಗಳಲ್ಲಿ ಬಣ್ಣದ ಗೋಡೆಗಳಿದ್ದವು. ಕೆನ್ಸಿಂಗ್ಟನ್ ಓವಲ್ ಮೈದಾನದ ಪಕ್ಕದಲ್ಲೇ ಹುಟ್ಟಿದ ಎವರ್ಟನ್ ವೀಕ್ಸ್ ಆ ಮೈದಾನದ ಪಿಕ್‌ವಿಕ್ ಕ್ಲಬ್‌ಗೆ ಸೇರುವಂತಿರಲಿಲ್ಲ, ಅದು ಬಿಳಿಯರದು. ಆ ಅವಮಾನವೇ ಕಪ್ಪು ಜನರ ಕ್ಲಬ್ಬುಗಳಿಗೆ ಹಟವನ್ನು ಕೊಟ್ಟಿತು. ನೆರೆಹೊರೆಯ ಮಾನ ಮರ್ಯಾದೆಯ ಪ್ರಶ್ನೆಯಾಗಿ ಕ್ರಿಕೆಟ್ ಆಡಲಾಗುತ್ತಿತ್ತು. ಬುಡದಲ್ಲಿ ಈ ನೀರು ಇದ್ದುದರಿಂದಲೇ ಕೌಂಟಿಯ ಗೊಬ್ಬರ ಹಿಡಿಯಿತು.

ಕೌಂಟಿಗಳು ಹೊರಗಿನವರ ಸಂಖ್ಯೆಯನ್ನು ಬಿಗಿ ಮಾಡಿದವು. ಅಂತಾರಾಷ್ಟ್ರೀಯ ವೇಳಾಪಟ್ಟಿ ಹೊಟ್ಟೆ ಬಿರಿಯುವಷ್ಟು ತುಂಬಿ, ಇಡೀ ಋತು ಕೌಂಟಿ ಆಡಲು ಯಾರಿಗೂ ಪುರಸೊತ್ತಿಲ್ಲದಾಯಿತು. ಆಗ ಮಂಡಳಿ ಮಾಡಬೇಕಿದ್ದುದು ಒಂದೇ ಕೆಲಸ. ಕೌಂಟಿ ಕಲಿಸುತ್ತಿದ್ದುದನ್ನು ತನ್ನ ನೆಲದಲ್ಲಿ ಕಲಿಸುವ ಏರ್ಪಾಡು. 2001ರಲ್ಲಿ ಗ್ರೆನಡಾದಲ್ಲಿ ಒಂದು ಅಕಾಡೆಮಿ ತೆರೆಯಿತು, ಹೆಚ್ಚು ಕಾಲ ಬಾಳಲಿಲ್ಲ. ಮಿಕ್ಕಂತೆ ಮಂಡಳಿ ಬದಲಾಯಿಸುತ್ತ ಬಂದದ್ದು ನಾಯಕರನ್ನು ಮತ್ತು ಕೋಚ್‌ಗಳನ್ನು. ಬುಡಕ್ಕೆ ಹುಳ ಬಿದ್ದ ಗಿಡದ ಎಲೆ ಒರೆಸಿದ ಹಾಗೆ.

ಕೋಚ್‌ಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2016ರ ಏಪ್ರಿಲ್ 3ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ವೆಸ್ಟ್ ಇಂಡೀಸಿನ ಮಹಿಳೆಯರೂ ಪುರುಷರೂ ಒಂದೇ ದಿನ ಟಿ-20 ವಿಶ್ವಕಪ್ ಗೆದ್ದರು. ಪುರುಷರ ತಂಡದ ಕೋಚ್ ಫಿಲ್ ಸಿಮನ್ಸ್. ಸೆಪ್ಟೆಂಬರ್‌ನಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು! ಮೂರು ವರ್ಷದ ನಂತರ ಅದೇ ಸಿಮನ್ಸ್ ಅವರನ್ನು ಪುನಃ ಕರೆತಂದರು. 2019ರ ಮೊದಲ ತಿಂಗಳುಗಳಲ್ಲಿ ರಿಚರ್ಡ್ ಪೈಬಸ್ ಕೈಕೆಳಗೆ ತಂಡ ಇಂಗ್ಲೆಂಡನ್ನು ಟೆಸ್ಟ್ ಸರಣಿಯಲ್ಲಿ 2-1ರಿಂದ ಸೋಲಿಸಿತು. ಅಷ್ಟರಲ್ಲಿ ಮಂಡಳಿಯ ಚುನಾವಣೆ ನಡೆದು ಅಧ್ಯಕ್ಷರು ಬದಲಾದರು, ಪೈಬಸ್ ಹೊರನಡೆದರು. ಗೆದ್ದ ಕೋಚ್‌ಗೇ ಈ ಗತಿಯಾದರೆ ಐದು ವರ್ಷ ಕಾದು ಹುಡುಗರನ್ನು ಬೆಳೆಸುವ ಧೈರ್ಯ ಯಾವ ಕೋಚ್‌ಗೆ ಬಂದೀತು? ಆತ ಮುಂದಿನ ಸರಣಿಯನ್ನಷ್ಟೇ ನೋಡುತ್ತಾನೆ, ನೋಡಬೇಕಾಗುತ್ತದೆ.

ಹಣದ ವಿಷಯ. ಐಸಿಸಿಯ 2024ರಿಂದ 2027ರ ಹಂಚಿಕೆಯಲ್ಲಿ ಭಾರತಕ್ಕೆ ಶೇಕಡಾ 38ಕ್ಕಿಂತ ಹೆಚ್ಚು, ವೆಸ್ಟ್ ಇಂಡೀಸಿಗೆ ಶೇಕಡಾ 5ಕ್ಕಿಂತ ಕಡಿಮೆ. ಇದು ಅನ್ಯಾಯವೆಂದು ಭಾರತೀಯರಾದ ನಾವೇ ಹೇಳಬೇಕು, ನಮ್ಮ ಪಾಲು ದೊಡ್ಡದೆಂಬ ಹೆಮ್ಮೆಯಲ್ಲಿ ಸುಮ್ಮನಿರುವುದು ಸರಿಯಲ್ಲ. ಆದರೂ ಹಣ ಬಂದಾಗ ಏನಾಯಿತೆಂಬುದನ್ನೂ ನೋಡೋಣ. 2007ರ ವಿಶ್ವಕಪ್‌ಗಾಗಿ ದ್ವೀಪ ದ್ವೀಪಗಳಲ್ಲಿ ಹೊಸ ಕ್ರೀಡಾಂಗಣಗಳು ಎದ್ದವು, ಕೆಲವು ಚೀನಾದ ನೆರವಿನಿಂದ. ಆಂಟಿಗಾದಲ್ಲಿ ಊರ ನಡುವೆ ಒಂದು ಹಳೆಯ ಮೈದಾನವಿತ್ತು. ಜನ ನಡೆದು ಬರುತ್ತಿದ್ದ ಮೈದಾನ. 1986ರಲ್ಲಿ ರಿಚರ್ಡ್ಸ್ 56 ಚೆಂಡಿಗೆ ಶತಕ ಹೊಡೆದದ್ದು, ಲಾರಾ 375 ಮತ್ತು 400 ಹೊಡೆದದ್ದು ಅಲ್ಲಿ. ಅದನ್ನು ಬಿಟ್ಟು ಊರ ಹೊರಗೆ ರಿಚರ್ಡ್ಸ್ ಹೆಸರಿನಲ್ಲಿ ಹೊಸದು ಕಟ್ಟಿದರು. 2009ರ ಫೆಬ್ರವರಿಯಲ್ಲಿ ಅಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಶುರುವಾಗಿ ಹತ್ತು ಚೆಂಡುಗಳಿಗೆ ನಿಂತುಹೋಯಿತು. ಮೈದಾನ ಮರಳಿನ ದಿಬ್ಬವಾಗಿ ಬೌಲರ್‌ಗಳಿಗೆ ಓಡಲೇ ಆಗಲಿಲ್ಲ. ಮತ್ತೊಂದು ಟೆಸ್ಟನ್ನು ಅವಸರದಲ್ಲಿ ಆಡಿಸಿದ್ದು ಅದೇ ಹಳೆಯ ಮೈದಾನದಲ್ಲಿ.

ಅದಕ್ಕೂ ಕೆಲವು ತಿಂಗಳ ಮೊದಲು ಅಲೆನ್ ಸ್ಟ್ಯಾನ್‌ಫರ್ಡ್ ಎಂಬ ಅಮೆರಿಕದ ಧನಿಕ ಹೆಲಿಕಾಪ್ಟರ್‌ನಲ್ಲಿ ಲಾರ್ಡ್ಸ್‌ಗೆ ಇಳಿದು, ಒಂದೇ ಪಂದ್ಯಕ್ಕೆ ಎರಡು ಕೋಟಿ ಡಾಲರ್ ಪಣ ಇಟ್ಟಿದ್ದ. ಗೆದ್ದ ಕೆರಿಬಿಯನ್ ಹನ್ನೊಂದರ ಒಬ್ಬೊಬ್ಬನಿಗೂ ಹತ್ತು ಲಕ್ಷ ಡಾಲರ್. ಮರುವರ್ಷ ಆತ ವಂಚನೆಯ ಆರೋಪದಲ್ಲಿ ಜೈಲು ಸೇರಿದ, 2012ರಲ್ಲಿ 110 ವರ್ಷದ ಶಿಕ್ಷೆಯಾಯಿತು. ಸಿಮೆಂಟೂ ಬಂತು, ಡಾಲರೂ ಬಂತು. ಶಾಲೆಯ ಅಂಗಳದಲ್ಲಿ ಹುಡುಗನಿಗೆ ಕಾಲು ಎಲ್ಲಿಡಬೇಕೆಂದು ಹೇಳಿಕೊಡುವ ಮೇಷ್ಟ್ರು ಮಾತ್ರ ಬರಲಿಲ್ಲ.

ಈಗ ಬಾಸ್ಕೆಟ್‌ಬಾಲ್ ವಾದ. ಇಂದಿನ ಹುಡುಗರು ಮೈ ಬಗ್ಗಿಸುವುದಿಲ್ಲ, ಅಮೆರಿಕದ ಟಿವಿ ನೋಡಿ ಕೆಟ್ಟರು ಎಂಬುದು ಹಿರಿಯರ ಹಳಹಳಿಕೆ. 27 ರನ್‌ಗಳ ಸೋಲು ನಡೆದ ಕಿಂಗ್‌ಸ್ಟನ್ನಿನಲ್ಲೇ ಇದಕ್ಕೆ ಉತ್ತರವಿದೆ. ಅಲ್ಲಿ ಪ್ರತಿ ವರ್ಷ ಪ್ರೌಢಶಾಲೆಗಳ ಓಟದ ಸ್ಪರ್ಧೆ ನಡೆಯುತ್ತದೆ, ಜನ ಅದನ್ನು ‘ಚಾಂಪ್ಸ್’ ಎಂದು ಕರೆಯುತ್ತಾರೆ. 1910ರಿಂದ ಬಂದ ಪರಂಪರೆ. ಶಾಲಾ ಮಕ್ಕಳ ಓಟ ನೋಡಲು ರಾಷ್ಟ್ರೀಯ ಕ್ರೀಡಾಂಗಣ ಕಿಕ್ಕಿರಿಯುತ್ತದೆ. 1980ರಲ್ಲಿ ಕ್ಯೂಬಾದ ಕೊಡುಗೆಯಾಗಿ ಜಿ.ಸಿ. ಫಾಸ್ಟರ್ ಎಂಬ ದೈಹಿಕ ಶಿಕ್ಷಣ ಕಾಲೇಜು ಬಂತು. ಅಲ್ಲಿ ತರಬೇತಾದವರು ಜಮೈಕಾದ ಶಾಲೆ ಶಾಲೆಗಳಲ್ಲಿ ಓಟ ಕಲಿಸಿದರು. ಉಸೇನ್ ಬೋಲ್ಟ್ ಎಂಬ ಹುಡುಗನಿಗೆ ವೇಗದ ಬೌಲರ್ ಆಗುವ ಆಸೆಯಿತ್ತು. ಆತನ ಓಟವನ್ನು ಕಂಡು ಟ್ರ್ಯಾಕ್‌ಗೆ ಕರೆದೊಯ್ದದ್ದು ಶಾಲೆಯ ಕ್ರಿಕೆಟ್ ಕೋಚ್! ಅದೇ ದ್ವೀಪ, ಅದೇ ಬಡತನ, ಅದೇ ಟಿವಿ, ಅದೇ ಮಕ್ಕಳು. ಓಟದಲ್ಲಿ ಜಗತ್ತಿಗೇ ಮುಂದು, ಕ್ರಿಕೆಟ್‌ನಲ್ಲಿ 27. ಹಾಗಾದರೆ ಕೆಟ್ಟದ್ದು ಹುಡುಗರೇ?

ಹುಡುಗರು ಕೆಟ್ಟಿಲ್ಲ ಎನ್ನಲು ಇನ್ನೂ ಒಂದು ಸಾಕ್ಷಿ ಇದೆ, ಅದು ನಮಗೂ ಸಂಬಂಧಪಟ್ಟದ್ದು. 2016ರ ಫೆಬ್ರವರಿಯಲ್ಲಿ ಢಾಕಾದ ಮೀರ್‌ಪುರದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಫೈನಲ್ ನಡೆಯಿತು. ಭಾರತ 145ಕ್ಕೆ ಆಲೌಟಾಗಿ, ವೆಸ್ಟ್ ಇಂಡೀಸ್ ಐದು ವಿಕೆಟ್‌ಗಳಿಂದ ಗೆದ್ದಿತು. ಸೋತ ತಂಡದ ಕೋಚ್ ನಮ್ಮ ರಾಹುಲ್ ದ್ರಾವಿಡ್. ಆ ಸೋತ ಹುಡುಗರಲ್ಲಿ ರಿಷಭ್ ಪಂತ್, ಇಶಾನ್ ಕಿಶನ್, ವಾಷಿಂಗ್ಟನ್ ಸುಂದರ್, ಸರ್ಫರಾಜ್ ಖಾನ್, ಆವೇಶ್ ಖಾನ್, ಖಲೀಲ್ ಅಹ್ಮದ್ ಇದ್ದರು. ಆರು ಮಂದಿಯೂ ಮುಂದೆ ಭಾರತಕ್ಕೆ ಆಡಿದರು. ಭಾರತ ‘ಎ’ ತಂಡದ ಪ್ರವಾಸ, ರಣಜಿ ಪಂದ್ಯಗಳ ರಾಶಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, ಒಂದು ಕೈ ಬಿಟ್ಟರೆ ಇನ್ನೊಂದು ಕೈ ಹಿಡಿಯುವ ಏರ್ಪಾಡು ಅವರಿಗಿತ್ತು. ಗೆದ್ದವರಲ್ಲಿ ಅಲ್ಜಾರಿ ಜೋಸೆಫ್, ಹೆಟ್‌ಮೈರ್ ಬೇಗ ಮೇಲೆ ಬಂದರು. ಫೈನಲ್‌ನಲ್ಲಿ ಔಟಾಗದೆ 52 ಹೊಡೆದು ಕಪ್ ಗೆಲ್ಲಿಸಿದ ಕೀಸಿ ಕಾರ್ಟಿ, ಸಿಂಟ್ ಮಾರ್ಟೆನ್ ಎಂಬ ಚಿಕ್ಕ ದ್ವೀಪದವನು, ಹಿರಿಯರ ತಂಡದಲ್ಲಿ ಆಡಲು 2022ರ ತನಕ ಕಾಯಬೇಕಾಯಿತು. ಹದಿನೆಂಟರ ಹುಡುಗನನ್ನು ಇಪ್ಪತ್ತೈದರ ತನಕ ಯಾರು ಸಾಕುತ್ತಾರೆ ಎಂಬುದೇ ಇಡೀ ಸಮಸ್ಯೆಯ ಗಂಟು.

ನಾವಿದನ್ನು ಭಾರತದ ಬೆನ್ನು ತಟ್ಟಲು ಹೇಳುತ್ತಿಲ್ಲ. ಗದಗಿನ ಸುನಿಲ್ ಜೋಶಿ ಬೆಳಗ್ಗೆ ಎದ್ದು ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ರೈಲು ಹತ್ತುತ್ತಿದ್ದ ಕಥೆ ನಮಗೆ ಗೊತ್ತು. ಅಂಥ ರೈಲು ಸಿಗದ ಹುಡುಗರ ಕಥೆ ಯಾರಿಗೂ ಗೊತ್ತಿಲ್ಲ. ಕರಾವಳಿಯ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಟೆನಿಸ್ ಚೆಂಡಿನಲ್ಲಿ ಆಡಿ ಅಲ್ಲಿಗೇ ಮುಗಿದುಹೋದ ಪ್ರತಿಭೆಗಳನ್ನು ನಾವೇ ಕಂಡಿದ್ದೇವೆ.

ಸಬೀನಾ ಪಾರ್ಕ್‌ನ ಅದೇ ಪಂದ್ಯದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯನ್ನು 27ರ ಗದ್ದಲದಲ್ಲಿ ಎಲ್ಲರೂ ಮರೆತರು. ಆಸ್ಟ್ರೇಲಿಯಾವನ್ನು ಎರಡನೆಯ ಸರದಿಯಲ್ಲಿ ವೆಸ್ಟ್ ಇಂಡೀಸ್ 121ಕ್ಕೆ ಮಗುಚಿತ್ತು. ಅಲ್ಜಾರಿ ಐದು, ಶಾಮರ್ ಜೋಸೆಫ್ ನಾಲ್ಕು ವಿಕೆಟ್ ಕಿತ್ತಿದ್ದರು. ಬೌಲರ್‌ಗಳು ಇದ್ದಾರೆ, ಬ್ಯಾಟ್ಸ್‌ಮನ್‌ಗಳಿಲ್ಲ. ವೇಗದ ಬೌಲರ್ ಒಬ್ಬ ನದಿಯ ದಂಡೆಯಲ್ಲೂ ಹುಟ್ಟಿಬಿಡಬಹುದು. ಮೈಕಟ್ಟು, ತೋಳಿನ ಬಲ, ಹಸಿವು ಇಷ್ಟಿದ್ದರೆ ಅರ್ಧ ಕೆಲಸವಾಯಿತು. ಟೆಸ್ಟ್ ಬ್ಯಾಟ್ಸ್‌ಮನ್ ಹಾಗೆ ಹುಟ್ಟುವುದಿಲ್ಲ. ಅವನಿಗೆ ಚೆಂಡು ಸರಿಯಾಗಿ ಪುಟಿಯುವ ಪಿಚ್ ಬೇಕು, ತಪ್ಪು ಹಿಡಿಯುವ ಕಣ್ಣು ಬೇಕು, ನಾಲ್ಕು ದಿನದ ಪಂದ್ಯಗಳಲ್ಲಿ ನೂರಾರು ಸರದಿ ಬೇಕು. ಅಲ್ಲಿನ ದೇಶೀಯ ಟೂರ್ನಿಯಲ್ಲಿ ತಂಡಗಳೇ ಬೆರಳೆಣಿಕೆಯವು, ಒಂದು ಋತುವಿನ ಪಂದ್ಯಗಳೂ ಅಷ್ಟೇ. ಪಿಚ್‌ಗಳು ನಿದ್ದೆ ಬಂದಂತೆ ನಿಧಾನ. ಜಮೈಕಾದ ಸ್ಪಿನ್ನರ್ ನಿಕಿಟಾ ಮಿಲ್ಲರ್ ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದರು, ಆಡಿದ್ದು ಒಂದೇ ಟೆಸ್ಟ್. ದೇಶೀಯ ಕ್ರಿಕೆಟ್ ಒಂದು ಆಟ, ಟೆಸ್ಟ್ ಇನ್ನೊಂದು ಆಟ ಆಗಿಬಿಟ್ಟಿದೆ ಎಂಬುದಕ್ಕೆ ಆ ಮನುಷ್ಯನೇ ಉದಾಹರಣೆ. ಇತ್ತ ಟಿ-20 ಲೀಗ್‌ಗಳು ಇಪ್ಪತ್ತು ಚೆಂಡು ಆಡಿದವನಿಗೆ ಕೋಟಿ ಕೊಡುತ್ತವೆ. ನಿಕೊಲಸ್ ಪೂರನ್ 2025ರಲ್ಲಿ ಇಪ್ಪತ್ತೊಂಬತ್ತನೇ ವಯಸ್ಸಿಗೇ ಅಂತಾರಾಷ್ಟ್ರೀಯ ಕ್ರಿಕೆಟ್ ಬಿಟ್ಟರು. ಟೆಸ್ಟ್ ಅವರು ಆಡಿಯೇ ಇರಲಿಲ್ಲ. ಅವರನ್ನು ದೂರುವುದು ಸುಲಭ. 2013ರಲ್ಲಿ ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ 175 ಬಾರಿಸಿದಾಗ ಶಿಳ್ಳೆ ಹೊಡೆದ ನಮಗೆ ಆ ಅಧಿಕಾರ ಅಷ್ಟಾಗಿ ಇಲ್ಲ.

ಸಾಮರ್ಥ್ಯವೇ ಸತ್ತಿದೆ ಎನ್ನುವವರು 2025ರ ಡಿಸೆಂಬರ್‌ನ ಕ್ರೈಸ್ಟ್‌ಚರ್ಚ್ ಟೆಸ್ಟ್ ನೋಡಬೇಕು. 531ರ ಗುರಿಯ ಬೆನ್ನು ಹತ್ತಿ 6 ವಿಕೆಟ್‌ಗೆ 457 ಗಳಿಸಿ, ಜಸ್ಟಿನ್ ಗ್ರೀವ್ಸ್ ಔಟಾಗದೆ 202 ಹೊಡೆದು, ಪಂದ್ಯವನ್ನು ಡ್ರಾ ಮಾಡಿಕೊಂಡರು. ಮುಂದಿನ ಎರಡೂ ಟೆಸ್ಟ್ ಸೋತರು.

ಏನು ಮಾಡಬೇಕೆಂಬುದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. 2007ರಲ್ಲಿ ಜಮೈಕಾದ ಮಾಜಿ ಪ್ರಧಾನಿ ಪ್ಯಾಟರ್ಸನ್ ಅವರ ಸಮಿತಿ ವರದಿ ಕೊಟ್ಟಿತು. 2014ರಲ್ಲಿ ಸಂಬಳದ ಜಗಳದಿಂದ ತಂಡ ಧರ್ಮಶಾಲಾದಿಂದ ಭಾರತ ಪ್ರವಾಸ ಬಿಟ್ಟು ಹೋದ ಮೇಲೆ, 2015ರಲ್ಲಿ ಕೆರಿಬಿಯನ್ ಸರಕಾರಗಳು ನೇಮಿಸಿದ ಇನ್ನೊಂದು ಸಮಿತಿ ಮಂಡಳಿಯನ್ನೇ ಕೂಡಲೇ ವಿಸರ್ಜಿಸಿ ಎಂದಿತು. ಮಂಡಳಿ ಒಪ್ಪಲಿಲ್ಲ. ಅದರ ಒಡೆತನ ಆರು ಪ್ರಾದೇಶಿಕ ಮಂಡಳಿಗಳ ಕೈಯಲ್ಲಿದೆ. ಸುಧಾರಣೆ ಎಂದರೆ ಅವರೇ ತಮ್ಮ ಕುರ್ಚಿಯ ಕಾಲು ಕೊಯ್ದುಕೊಳ್ಳಬೇಕು. 1958ರಲ್ಲಿ ಈ ದ್ವೀಪಗಳು ಸೇರಿ ಕಟ್ಟಿದ ರಾಜಕೀಯ ಒಕ್ಕೂಟ 1962ರಲ್ಲಿ ಮುರಿದುಬಿತ್ತು. ಕ್ರಿಕೆಟ್ ತಂಡ ಅದಕ್ಕಿಂತ ಗಟ್ಟಿಯೆಂದು ಎಲ್ಲರೂ ಹೇಳುತ್ತಾರೆ. ಆದರೆ ಕೋಚ್ ಯಾರು, ಆಯ್ಕೆ ಯಾರದು, ಅಕಾಡೆಮಿ ಯಾವ ದ್ವೀಪದಲ್ಲಿ ಎಂಬ ಪ್ರಶ್ನೆ ಬಂದಾಗಲೆಲ್ಲ ಅದೇ ಹಳೆಯ ಜಗಳ ಎದ್ದು ನಿಲ್ಲುತ್ತದೆ.

ಆದ್ದರಿಂದ ಲಾಯ್ಡ್, ರಿಚರ್ಡ್ಸ್, ಲಾರಾ ಕುಳಿತ ಸಭೆಯಿಂದ ನಾವು ಕೇಳುವುದು ಮುಂದಿನ ನಾಯಕನ ಹೆಸರನ್ನಲ್ಲ. ಶಾಲಾ ತಂಡಗಳು ದೊಡ್ಡವರ ಟೂರ್ನಿಯಲ್ಲಿ ಮತ್ತೆ ಆಡುತ್ತವೆಯೇ? ಜಿ.ಸಿ. ಫಾಸ್ಟರ್‌ನಲ್ಲಿ ಓಟದ ಮೇಷ್ಟ್ರು ತಯಾರಾದ ಹಾಗೆ ಬ್ಯಾಟಿಂಗ್ ಹೇಳಿಕೊಡುವ ಮೇಷ್ಟ್ರು ಎಲ್ಲಿ ತಯಾರಾಗುತ್ತಾರೆ, ಅವರ ಸಂಬಳ ಯಾರು ಕೊಡುತ್ತಾರೆ? ಪಿಚ್ ಮಾಡುವವನಿಗೆ ವರ್ಷವಿಡೀ ಕೆಲಸವಿದೆಯೇ? ಚುನಾವಣೆ ಬಂದರೂ ಕೋಚ್ ಉಳಿಯುತ್ತಾನೆಯೇ?

ಶಾಮರ್ ಜೋಸೆಫ್‌ನ ಊರು ಗಯಾನಾದ ಬರಕಾರಾ. ಅಲ್ಲಿಗೆ ಹೋಗಬೇಕಾದರೆ ಕಾಂಜೆ ನದಿಯಲ್ಲಿ ದೋಣಿಯೇ ಗತಿ. ಹಣ್ಣು ಎಸೆದು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡಿದ ಚೆಂಡು ಎಸೆದು ಬೌಲಿಂಗ್ ಕಲಿತವನು. ಸೆಕ್ಯುರಿಟಿ ಗಾರ್ಡ್ ಕೆಲಸ ಮಾಡುತ್ತಿದ್ದ. ಬೆರಳೆಣಿಕೆಯ ಪ್ರಥಮ ದರ್ಜೆ ಪಂದ್ಯ ಆಡಿ ಆಸ್ಟ್ರೇಲಿಯಾಕ್ಕೆ ಹೋದ, ಮೊದಲ ಚೆಂಡಿನಲ್ಲೇ ಸ್ಟೀವ್ ಸ್ಮಿತ್ ಅವರನ್ನು ಔಟ್ ಮಾಡಿದ. 2024ರ ಜನವರಿ 28ರಂದು ಗಾಬಾದಲ್ಲಿ ಪೆಟ್ಟಾದ ಕಾಲ್ಬೆರಳಿನಲ್ಲೇ 68 ರನ್‌ಗಳಿಗೆ 7 ವಿಕೆಟ್ ಕಿತ್ತು, 8 ರನ್‌ಗಳಿಂದ ಟೆಸ್ಟ್ ಗೆಲ್ಲಿಸಿದ. 1997ರ ನಂತರ ಆ ನೆಲದಲ್ಲಿ ಅವರ ಮೊದಲ ಗೆಲುವು. ಕಾಮೆಂಟರಿ ಪೆಟ್ಟಿಗೆಯಲ್ಲಿ ಲಾರಾ ಅತ್ತರು. ಅವನನ್ನು ಹುಡುಕಿದ್ದು ಯಾವ ಅಕಾಡೆಮಿಯೂ ಅಲ್ಲ. ಆ ಕಡೆಯವನೇ ಆದ ಆಟಗಾರ ರೊಮಾರಿಯೊ ಶೆಫರ್ಡ್ ಅವನ ಪರವಾಗಿ ಗಯಾನಾ ತಂಡದವರಿಗೆ ಒಂದು ಮಾತು ಹೇಳಿದ್ದ. ದೋಣಿ ಈಗಲೂ ಓಡಾಡುತ್ತಿದೆ. ಅದೇ ನದಿಯ ದಂಡೆಯಲ್ಲಿ ಬೌಲರನ ಎದುರು ಬ್ಯಾಟ್ ಹಿಡಿದು ನಿಲ್ಲುತ್ತಿದ್ದ ಹುಡುಗ ಯಾರು, ಅವನು ಏನಾದ ಎಂಬುದನ್ನು ಇನ್ನೂ ಯಾರೂ ಕೇಳಿಲ್ಲ.